ನಮ್ಮಪ್ಪನ ಮುಖಕ್ಕೆ ಬಂದ ಅರ್ಜಿ

ನಮ್ಮ ಊದುಬತ್ತಿ ಪೊಟ್ಟಣದ ಮೇಲೆ ನಮ್ಮಪ್ಪನ ಮುಖವಿತ್ತು. ಜರಿಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಕೆಳಗೆ ‘ಈ ಭಾವಚಿತ್ರವಿಲ್ಲದ ಪೊಟ್ಟಣ ನಕಲಿ’ ಎಂಬ ಎಚ್ಚರಿಕೆ. ಮೈಸೂರಿನ ಬತ್ತಿ ತಯಾರಕರಲ್ಲಿ ಹಲವರು ಹೀಗೆ ಮಾಡುತ್ತಿದ್ದರು. ದೇವರ ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ತಮ್ಮ ಮುಖವನ್ನು ಇನ್ನೊಬ್ಬ ಕದಿಯಲಾರ ಎಂಬುದು ಅವರ ನಂಬಿಕೆ. ಕಾಲೇಜಿನಲ್ಲಿ ಆ ಮುಖ ನನಗೆ ನಾಚಿಕೆಯ ವಸ್ತುವಾಗಿತ್ತು. “ನಿಮ್ಮಪ್ಪನ್ನ ನಿನ್ನೆ ಅಂಗಡೀಲಿ ಡಜನ್‌ಗಟ್ಟಲೆ ನೋಡಿದೆ ಕಣೋ” ಎಂದು ಗೆಳೆಯರು ಕೆಣಕುತ್ತಿದ್ದರು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಕೆಲಸ ಸಿಗದೆ ಒಂಟಿಕೊಪ್ಪಲಿನ ಮನೆಯಲ್ಲೇ ಇದ್ದೆ. ದಸರೆ ಹತ್ತಿರವಾಗಿತ್ತು, ವಸ್ತುಪ್ರದರ್ಶನದ ಮಳಿಗೆಗೆಂದು ಹೊಸ ಪೊಟ್ಟಣಗಳು ಅಚ್ಚಾಗಿ ಬಂದಿದ್ದವು. ಆಗ ಒಬ್ಬಾತ ಬಂದ. ಅವನ ಕೋಟು ಕಂದು ಬಣ್ಣದ್ದೆಂದು ನನ್ನ ನೆನಪು, ಕರಿಯದೆಂದು ನನ್ನ ತಂಗಿಯದು. ಕೈಯಲ್ಲಿ ಸಿಂಹದ ಮುದ್ರೆಯಿದ್ದ ದಪ್ಪ ಕಾಗದವಿತ್ತು ಎಂಬುದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ. ಆ ಕಾಗದಕ್ಕೆ ನಮ್ಮದೇ ಪೊಟ್ಟಣವನ್ನು ಅಂಟಿಸಿದ್ದರು.

“ಯಜಮಾನ್ರೇ, ಇದು ನಿಮ್ಮ ಮುಖ ತಾನೇ?”

“ನನ್ನದಲ್ದೆ ಇನ್ಯಾರದು?”

“ಮದರಾಸಿನ ಒಬ್ಬ ವ್ಯಾಪಾರಿ ತನ್ನದು ಅಂತಾನೆ. ಈ ಟ್ರೇಡ್ ಮಾರ್ಕಿಗೆ ಮುಂಬಯಿಯ ರಿಜಿಸ್ಟ್ರಿ ಕಚೇರೀಲಿ ಅರ್ಜಿ ಹಾಕಿದಾನೆ. ಅವನಿಗೆ ರಿಜಿಸ್ಟರ್ ಆಗಿಬಿಟ್ರೆ ನಿಮ್ಮ ಪೊಟ್ಟಣವೇ ನಕಲಿ ಆಗತ್ತೆ. ದಸರೇಲಿ ಮಳಿಗೆ ಇಟ್ಟರೆ ಪೊಲೀಸಿನವರು ಬರ್ತಾರೆ.”

ಒಳಗಿನಿಂದ ಅಮ್ಮನ ದನಿ ಬಂತು: “ಇವರ ಮುಖ ಯಾರಿಗೆ ಬೇಕಂತೆ?”

ಅಪ್ಪ ನಗಲಿಲ್ಲ. ಇಪ್ಪತ್ತು ವರ್ಷ ಅರಮನೆಯ ಉಗ್ರಾಣದಲ್ಲಿದ್ದವರು. ಮುದ್ರೆಯಿದ್ದ ಕಾಗದದ ಮುಂದೆ ಅವರಿಗೆ ನಗು ಬರುತ್ತಿರಲಿಲ್ಲ. ತಕರಾರು ಸಲ್ಲಿಸಲು ಇನ್ನೆರಡೇ ದಿನ ಉಳಿದಿದೆ, ಶುಲ್ಕ ಕೈಯಲ್ಲೇ ಕೊಟ್ಟರೆ ತಾನೇ ರಾತ್ರಿ ರೈಲಿಗೆ ಒಯ್ಯುತ್ತೇನೆ, ಸರ್ಟಿಫಿಕೇಟು ಟಪ್ಪಾಲಿನಲ್ಲಿ ಬರುತ್ತದೆ ಎಂದ ಬಂದವನು. ಅಪ್ಪ ಕಾಫಿ ತರಿಸಿದರು. ಆಮೇಲೆ ಬೆಳ್ಳಿ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಅದರ ಮೇಲೆ ಹಣವಿಟ್ಟು, ಅಧಿಕಾರಿಗಳಿಗೆ ಕೊಡುವ ಮರ್ಯಾದೆಯಲ್ಲಿ ಎರಡೂ ಕೈಯಿಂದ ಕೊಟ್ಟರು.

“ರಸೀದಿ?” ಎಂದೆ ನಾನು.

ಅಪ್ಪ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ. “ತಾಂಬೂಲದ ಜೊತೆ ಕೊಟ್ಟದ್ದಕ್ಕೆ ಚೀಟಿ ಕೇಳ್ತಾರೇನೋ? ಎಂ.ಎ. ಓದಿ ಇಷ್ಟೂ ತಿಳೀಲಿಲ್ವಾ?”

ಬಂದವನು ನನಗಾಗಿ ನಾಚಿಕೊಂಡವನಂತೆ ತಲೆ ತಗ್ಗಿಸಿದ. ಎಲೆ ಅಡಿಕೆಯನ್ನೂ ಮರೆಯದೆ ತೆಗೆದುಕೊಂಡು ಹೋದ.

ಸರ್ಟಿಫಿಕೇಟು ಬರಲಿಲ್ಲ. ಕಾದು ಕಾದು, ಕಾನೂನು ಓದುತ್ತಿದ್ದ ಗೆಳೆಯನೊಬ್ಬನನ್ನು ಕೇಳಿದೆ. ಅವನು ಮೊದಲು ಚೆನ್ನಾಗಿ ನಕ್ಕ, ಆಮೇಲೆ ವಿವರಿಸಿದ. ಮುಂಬಯಿಯಲ್ಲಿ ಅಂಥ ಕಚೇರಿ ಇರುವುದು ನಿಜ. ಆದರೆ ಅದು ಮನೆಬಾಗಿಲಿಗೆ ಮನುಷ್ಯರನ್ನು ಕಳಿಸುವುದಿಲ್ಲ. ಬಂದ ಅರ್ಜಿಯನ್ನು ತನ್ನ ಜರ್ನಲ್ಲಿನಲ್ಲಿ ಎಲ್ಲರೂ ನೋಡುವಂತೆ ಅಚ್ಚು ಹಾಕುತ್ತದೆ; ತಕರಾರಿದ್ದವರಿಗೆ ತಿಂಗಳುಗಟ್ಟಲೆ ಅವಕಾಶ ಕೊಡುತ್ತದೆ. “ಎರಡೇ ದಿನ ಅಂದವನು ಕಳ್ಳ ಕಣೋ. ಕಾಗದ ಓದೋಕೆ ಬಿಟ್ಟನಾ?” ಇಲ್ಲ, ತೋರಿಸಿ ಮಡಚಿಕೊಂಡಿದ್ದ.

ಅಪ್ಪನಿಗೆ ಹೇಳಿದೆ. ಅವರು ವಾದ ಮಾಡಲಿಲ್ಲ. “ಯಾರಿಗೂ ಹೇಳ್ಬೇಡ” ಎಂದರು, ಅಷ್ಟೇ. ಅಂದಿನಿಂದ ಸಂಜೆ ಅಂಗಡಿ ಬೀದಿಗೆ ಹೋಗುವುದನ್ನು ಬಿಟ್ಟರು. ಮೇಜಿನ ಮೇಲೆ ಪೊಟ್ಟಣ ಕಂಡರೆ ಬೋರಲು ಮಾಡಿ ಇಡುತ್ತಿದ್ದರು. ತಮಾಷೆಗೆ ಹೆಸರಾದ ಅಮ್ಮ ಆ ವಿಷಯದ ಸುದ್ದಿಗೇ ಹೋಗಲಿಲ್ಲ. ಮನೆಮಂದಿಯೆಲ್ಲ ಯಾವುದೋ ಕಾಯಿಲೆಯನ್ನು ಮುಚ್ಚಿಡುವವರಂತೆ ನಡೆದುಕೊಳ್ಳುತ್ತಿದ್ದೆವು.

ಹೀಗಿರುವಾಗ ಒಂದು ಬೆಳಿಗ್ಗೆ, ನಮ್ಮಲ್ಲಿ ಹಲವು ವರ್ಷ ಬತ್ತಿ ಹೊಸೆದಿದ್ದ ಹೆಂಗಸು ಬಂದಳು. ಹೂಟಗಳ್ಳಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಸ್ವಂತವಾಗಿ ಸಣ್ಣದಾಗಿ ಬತ್ತಿ ಮಾಡಿ ಮಾರುತ್ತಿದ್ದಳು. ಪೊಟ್ಟಣದ ಮೇಲೆ ಹಾಕಿಸಿದ್ದು ಸತ್ತ ಗಂಡನ ಚಿತ್ರ. ಅವನದು ಇದ್ದದ್ದೇ ಅದೊಂದು ಫೋಟೋ.

“ಯಜಮಾನ್ರೆ, ಮುಂಬಯಿನೋರು ಬಂದಿದ್ರು. ನಮ್ಮನೆಯವ್ರ ಮಖ ಯಾರ್ದೋ ಪಾಲಾಗೋಯ್ತದಂತೆ. ನೀವು ಆಗ್ಲೇ ಕೊಟ್ಬುಟ್ರಂತಲ್ಲ? ನೀವು ಕೊಟ್ಟಿದ್ರೆ ನಾನೂ ಕೊಟ್ಬುಡ್ತೀನಿ. ನಾಳೆ ಬತ್ತಾನೆ. ಓಲೆ ಅಡ ಇಟ್ಟಾದ್ರೂ ಕೊಡ್ತೀನಿ.”

ನಮ್ಮಪ್ಪನ ಹೆಸರನ್ನೇ ಅವನು ಜಾಮೀನಾಗಿ ಬಳಸಿಕೊಂಡಿದ್ದ. ನಾವು ಬಾಯಿ ಮುಚ್ಚಿಕೊಂಡಿದ್ದರಿಂದಲೇ ಅದು ಅವನಿಗೆ ಸಾಧ್ಯವಾಗಿತ್ತು.

ಮುಂದಿನದು ನನಗೆ ಸ್ಪಷ್ಟವಾಗಿ ನೆನಪಿದೆ: ಅಪ್ಪ ಸುಮ್ಮನೆ ನೆಲ ನೋಡುತ್ತಿದ್ದರು, ನಾನು ಎದ್ದು ನಿಂತು “ಕೊಡಬೇಡಿ, ಅವನು ಮೋಸಗಾರ” ಎಂದೆ. ತಂಗಿ ಇದನ್ನು ಒಪ್ಪುವುದಿಲ್ಲ. “ನೀನು ಪುಸ್ತಕ ನೋಡ್ತಾ ಕೂತಿದ್ದೆ ಕಣೋ. ಹೇಳಿದ್ದು ಅಪ್ಪ” ಎನ್ನುತ್ತಾಳೆ. ಅಪ್ಪ ಹೇಳಿದ್ದು ಇಷ್ಟಂತೆ: “ಕೊಡಬೇಡ ತಾಯಿ. ನಾನು ಮೋಸ ಹೋದೆ. ನಾಚಿಕೆಗೆ ಯಾರಿಗೂ ಹೇಳಲಿಲ್ಲ.” ನಾನು ಎಷ್ಟೋ ಸಲ ಇದನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ನನ್ನ ನೆನಪುಗಳಲ್ಲಿ ಧೈರ್ಯ ಯಾವಾಗಲೂ ನನ್ನ ಪಾಲಿಗೇ ಬಂದಿರುತ್ತದೆ. ಅದೇ ಅವುಗಳ ಮೇಲೆ ಅನುಮಾನ ಹುಟ್ಟಿಸುತ್ತದೆ. ಅಪ್ಪನಿಗೆ ಆ ಮಾತು ಹೇಳಲು ಎಷ್ಟು ಕಷ್ಟವಾಗಿರಬೇಕೆಂದು ಊಹಿಸಿದಾಗ, ಅದನ್ನು ಕದ್ದು ನನ್ನ ಬಾಯಿಗೆ ಹಾಕಿಕೊಂಡಿದ್ದೇನೋ ಎಂದು ತಲೆ ತಗ್ಗುತ್ತದೆ.

ಮರುದಿನ ನಡೆದದ್ದರಲ್ಲಿ ಅನುಮಾನವಿಲ್ಲ. ಅಪ್ಪ ಅವಳ ಮನೆಯ ಜಗುಲಿಯಲ್ಲಿ ಬೆಳಗಿನಿಂದಲೇ ಕೂತರು; ಜೊತೆಗೆ ನಾನೂ ಇದ್ದೆ. ಅವನು ಬಂದು ಅಪ್ಪನನ್ನು ಕಂಡು ಒಂದು ಗಳಿಗೆ ತಡವರಿಸಿ, ನಮಸ್ಕಾರ ಮಾಡಿದ.

“ಕಾಗದ ಇಲ್ಲೇ ಬಿಟ್ಟು ಹೋಗಿ ಸ್ವಾಮಿ” ಎಂದರು ಅಪ್ಪ. ಆಗಲೂ ಬಹುವಚನ. “ಮುಂಬಯಿಗೆ ಬರೆದು ಕೇಳ್ತೀವಿ. ಹೌದು ಅಂದ್ರೆ ಹಣ ಮನಿಯಾರ್ಡರಿನಲ್ಲಿ ಅಲ್ಲಿಗೇ ಕಳಿಸ್ತೀವಿ.”

“ಸರ್ಕಾರದ ಕಾಗದ, ಬಿಡೋ ಹಾಗಿಲ್ಲ.”

“ಹಾಗಾದ್ರೆ ನಿಮ್ಮ ವಿಳಾಸ ಕೊಡಿ.”

ಟಾಂಗಾ ಕಾಯುತ್ತಿದೆ ಎಂದು ಹೇಳಿ ಅವನು ಹೊರಟ. ಬೀದಿಯಲ್ಲಿ ಟಾಂಗಾ ಇರಲಿಲ್ಲ. ಬೆನ್ನಟ್ಟಿ ಹಿಡಿಯಬೇಕೆಂದು ನನಗಾಗಲಿ ಅಪ್ಪನಿಗಾಗಲಿ ಹೊಳೆಯಲಿಲ್ಲ, ಬಾಗಿಲಲ್ಲಿ ನಿಂತಿದ್ದ ಹೆಂಗಸು “ಥೂ ನಿನ್ನ!” ಎಂದು ಉಗಿದಳು.

ಅಪ್ಪ ಮನೆಗೆ ಹೋಗೋಣ ಎನ್ನಲಿಲ್ಲ. ಬತ್ತಿ ತಯಾರಕರ ಮನೆಗಳಿಗೆ ಒಂದೊಂದಾಗಿ ಹೊರಟರು. ಮೊದಲ ಮನೆಯ ಯಜಮಾನ ಅಪ್ಪನನ್ನು ಕಂಡರೆ ಎಂದೂ ಆಗದವನು, ವ್ಯಾಪಾರದಲ್ಲಿ ಎದುರಾಳಿ. ಅಪ್ಪ ನಡುಮನೆಯಲ್ಲಿ ನಿಂತೇ, ಎಲ್ಲರಿಗೂ ಕೇಳುವಂತೆ “ನಾನು ಮೋಸ ಹೋಗಿದ್ದೀನಿ, ನೀವು ಹುಷಾರಾಗಿರಿ ಅಂತ ಹೇಳೋಕೆ ಬಂದೆ” ಎಂದು ಶುರು ಮಾಡಿದರು. ಆ ಮನುಷ್ಯ ಈಗ ನಗುತ್ತಾನೆ ಎಂದುಕೊಂಡೆ. ಅವನು ಎದ್ದು ಹೋಗಿ ಒಳಬಾಗಿಲು ಮುಂದೆ ಮಾಡಿ ಬಂದ.

“ಸ್ವಲ್ಪ ಮೆಲ್ಲಗೆ ಹೇಳಿ” ಎಂದ. “ನಮ್ಮನೇಲಿ ಇನ್ನೂ ಗೊತ್ತಿಲ್ಲ.”