ಇಟಾಲಿಯನ್ ಕ್ರಿಯಾಪದಕ್ಕೆ ನಾನು ಹಾಕಿದ ಗುದ್ದು

ರೇಷ್ಮೆ ಹುಳು ನಡುಮನೆಯಲ್ಲಿ, ಅದನ್ನು ಸಾಕಿದವರು ಜಗಲಿಯಲ್ಲಿ ಮಲಗುತ್ತಿದ್ದ ಕಾಲ ಅದು. ಕನಕಪುರದ ಕಡೆಯ ನಮ್ಮೂರಲ್ಲಿ ಚರ್ಚಿಗೆ ಹೋಗುವವರ ಮನೆಯಲ್ಲೂ ಹುಳುವಿಗೇ ಮೊದಲ ಮರ್ಯಾದೆ. ಆ ಬೇಸಿಗೆ, ಪಿಯುಸಿ ಮುಗಿಸಿದ್ದ ನನ್ನಕ್ಕ ಫಿಲೋಮಿನಾ ಕಾನ್ವೆಂಟಿನ ಸಿಸ್ಟರ್ ಹತ್ತಿರ ಇಟಾಲಿಯನ್ ಕಲಿಯತೊಡಗಿದಳು.

"ಇಟಲಿಯಿಂದ ದೊಡ್ಡ ಮದರ್ ಬತ್ತಾರೆ ಕಣ್ಲಾ. ಅವರ ಮುಂದೆ ಒಪ್ಪಿಸ್ಬೇಕು. ನೀನೂ ನನ್ ಜೊತೇಲೇ ಬಾ," ಅಂದಳು. ಆ 'ಜೊತೇಲೇ'ಗೆ ನಾನು ಬಿದ್ದುಹೋದೆ.

ಎಳೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಲೇ ಪಾಠ. ಅಕ್ಕ ಪದವನ್ನು ತುಂಡು ಮಾಡಿ ಹೇಳುವುದು, ಭಾರ ಬೀಳುವ ತುಂಡಿಗೆ ನಾನು ಮೊರದ ಬೆನ್ನಿಗೆ ಗುದ್ದುವುದು. ಎಂಟನೇ ಕ್ಲಾಸಲ್ಲಿ ಲಘು-ಗುರು ಕಲಿತಿದ್ದ ನಾನು ಈ ಶಾಸ್ತ್ರದಲ್ಲಿ ಪಂಡಿತನೆಂದೇ ನಂಬಿದ್ದೆ.

"ಪಾರ್–ಲೆ–ರೊ. ಮಾತಾಡ್ತೀನಿ ಅಂತ ಅರ್ಥ."

'ಪಾರ್'ಗೆ ಗುದ್ದಿದೆ. ಒತ್ತಕ್ಷರದ ಹಿಂದಿನದು ಗುರು; ಅದಕ್ಕೆ ಅಪೀಲಿಲ್ಲ.

"ಅಲ್ಲ ಕಣ್ಲಾ. ಕೊನೇದಕ್ಕೆ."

"ಅದ್ಯಾವ ನ್ಯಾಯ?"

"ಅವರ ಪದ, ಅವರಿಷ್ಟ. ನೀ ಒಸಿ ಮೆತ್ತಗೆ ಗುದ್ದು, ಹುಳ ಬೆದರ್ತವೆ."

ಇಟಲಿಯವರ ಮೇಲಿನ ಆಕ್ಷೇಪಣೆಯನ್ನು ಕಾದಿರಿಸಿ ಗುದ್ದಿದೆ. ಕ್ರಮೇಣ ಅವಳ ತಪ್ಪನ್ನು ನಾನೇ ಹಿಡಿದು, ಬೈದು, ಮತ್ತೆ ಹೇಳಿಸುವಷ್ಟಾದೆ. ಹುಳು ಗೂಡು ಕಟ್ಟುವ ಹೊತ್ತಿಗೆ ಅಕ್ಕ ಎಲ್ಲೂ ತಪ್ಪುತ್ತಿರಲಿಲ್ಲ.

ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಮಾರನೆಯ ದಿನ ಕಾನ್ವೆಂಟಿನ ಜೀಪು ಬಂತು. ನಾನು ಹಬ್ಬದ ಅಂಗಿ ತೊಟ್ಟು ಮುಂದಿನ ಸೀಟಲ್ಲಿ ಕೂತೆ. ಹಿಂದೆ ಅಕ್ಕನ ಟ್ರಂಕು ಏರಿತು. ಸಿಸ್ಟರ್ ನನ್ನ ತಲೆ ಸವರಿ, "ಅಕ್ಕ ಇಟಲೀಲಿ ಸಿಸ್ಟರ್ ಆಗ್ತಾಳೆ. ಅವಳಿಗೋಸ್ಕರ ಪ್ರಾರ್ಥನೆ ಮಾಡಪ್ಪ," ಅಂದರು. ಯಾವ ಮದರೂ ಬರುವವರಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು, ಸೊಪ್ಪು ಹೊರುವ ಮಾದಣ್ಣನಿಗೂ ಗೊತ್ತಿತ್ತು.

"ನಂಗ್ಯಾಕೆ ಹೇಳ್ನಿಲ್ಲ?" ಅಂದೆ.

ಅಮ್ಮ ಸೆರಗಲ್ಲಿ ಮೂಗೊರೆಸಿಕೊಂಡಳು. "ಹೇಳಿದ್ರೆ ಅತ್ಕೊಂಡು ಕೂತಿರ್ತಿದ್ದೆ. ಅವಳಿಗೆ ಪಾಠ ಒಪ್ಪಿಸ್ಕೊಳ್ಳೋರು ಯಾರ್ಲಾ?"

ಅಕ್ಕ ನನ್ನ ಮುಖ ನೋಡದೆ, "ಇಳೀಲಾ," ಅಂದಳು. ಅವಳು ಕೂರಬೇಕಾದ ಜಾಗದಲ್ಲಿ ನಾನು ಕೂತಿದ್ದೆ.

ಈಗ ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ. ಅವಳ ಇಟಾಲಿಯನ್ ಉಚ್ಚಾರಣೆ ಬಹಳ ಶುದ್ಧವೆಂದು ಅಲ್ಲಿಯವರು ಮೆಚ್ಚುತ್ತಾರಂತೆ. ಗುರುದಕ್ಷಿಣೆ ಸಂದಾಯವಾಯಿತೆಂದು ತಿಳಿದಿದ್ದೇನೆ. ನಮ್ಮ ಹುಳುವೂ ಶೆಡ್ಡಿಗೆ ಹೋಗಿ ನಡುಮನೆ ಖಾಲಿಯಾಗಿದೆ. ಮನೆಯವರು ಹೇಳಿದ್ದನ್ನು ಹಾಗೇ ನಂಬುವ ಅಭ್ಯಾಸ ಮಾತ್ರ ಆ ಬೇಸಿಗೆಗೇ ಮುಗಿದಿತ್ತು.

ಮೊನ್ನೆ ಮಗಳು ಜರ್ಮನ್ ಪುಸ್ತಕ ತಂದು, "ಅಪ್ಪ, ಒಸಿ ಒಪ್ಪಿಸ್ಕೊ," ಅಂದಳು.

"ಎಲ್ಲಿಗೆ ಹೊರಟಿದ್ದೀಯ, ಅದನ್ನ ಮೊದಲು ಹೇಳು."

ಅವಳು ನಕ್ಕಳು. ಉತ್ತರ ಬರುವ ತನಕ ನಾನು ಪುಸ್ತಕ ಮುಟ್ಟಲಿಲ್ಲ.