ಮುತ್ಯಾಲಮ್ಮ ಎದ್ದು ನಿಲ್ಲುವ ಹೊತ್ತು

ಮುತ್ಯಾಲಮ್ಮ ಎರಡನೆಯ ಸಲ ಬಿದ್ದದ್ದು ಬಚ್ಚಲಿನಲ್ಲಿ ಅಲ್ಲ. ನಡುಮನೆಯಲ್ಲಿ, ಒಣಗಿದ ನೆಲದ ಮೇಲೆ, ತಮ್ಮ ಮಂಚದ ಪಕ್ಕದಲ್ಲೇ ಬಿದ್ದರು. ಪುಣ್ಯಕ್ಕೆ ಮಂಚಕ್ಕೆ ಒರಗಿಕೊಂಡೇ ಕುಸಿದಿದ್ದರಿಂದ ಮೊಣಕೈ ತರಚಿತೇ ಹೊರತು ಬೇರೇನೂ ಆಗಲಿಲ್ಲ. ಆದರೂ ಸೊಸೆ ಶಶಿರೇಖಾ ಅವತ್ತು ತಟ್ಟೆಗೆ ಬಡಿಸಿಕೊಂಡದ್ದನ್ನು ಹಾಗೇ ಮುಚ್ಚಿಟ್ಟಳು.

ಮೊದಲ ಸಲ ಬಚ್ಚಲಿನಲ್ಲಿ ಜಾರಿ ಬಿದ್ದಾಗ ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಒಳಗೆ ರಾಡು ಹಾಕಿದ್ದರು. ಮನೆಗೆ ಕಳುಹಿಸುವಾಗ ಡಾಕ್ಟರು ಮಗ ವೇಣುವನ್ನು ಪಕ್ಕಕ್ಕೆ ಕರೆದು, ಹೃದಯ ಬಲವಾಗಿಲ್ಲ, ಇನ್ನೊಂದು ಮೂಳೆ ಮುರಿದರೆ ಮತ್ತೆ ಆಪರೇಷನ್ ಮಾಡುವ ಧೈರ್ಯ ನಮಗೂ ಇಲ್ಲ, ಬೀಳದ ಹಾಗೆ ನೋಡಿಕೊಳ್ಳಿ ಎಂದಿದ್ದರು. ವೇಣು ಆ ಮಾತನ್ನು ಹೆಂಡತಿಗೆ ಹೇಳಿ, ಎಂದಿನಂತೆ ಕಲಾಸಿಪಾಳ್ಯದ ತರಕಾರಿ ಮಂಡಿಗೆ ಹೊರಟ. ಗವಿಪುರದ ಆ ಮನೆಯಲ್ಲಿ ಉಳಿದದ್ದು ಅತ್ತೆ, ಸೊಸೆ ಮತ್ತು ಆ ಮಾತು.

ಶಶಿರೇಖಾ ಮಾಡಬೇಕಾದ್ದನ್ನೆಲ್ಲ ಮಾಡಿದ್ದಳು. ಬಚ್ಚಲ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿದಳು. ಕಾಲೊರೆಸುವ ಬಟ್ಟೆಗಳನ್ನೆಲ್ಲ ತೆಗೆದಳು. ವಾರಕ್ಕೊಮ್ಮೆ ಎಣ್ಣೆ ಹಚ್ಚಿ ನೀರು ಹಾಕುವುದನ್ನು ನಿಲ್ಲಿಸಿ ಅತ್ತೆಯಿಂದ ಬೈಸಿಕೊಂಡಳು. ಈಗ ನೋಡಿದರೆ, ಜಾರುವಂಥದ್ದು ಏನೂ ಇಲ್ಲದ ಜಾಗದಲ್ಲಿ ಅತ್ತೆ ಬಿದ್ದಿದ್ದರು. ಕೇಳಿದರೆ, “ಕಾಲು ಜಾರ್ತು ಕಣೆ, ಬಿಡು” ಎಂದಷ್ಟೇ ಹೇಳಿದರು.

ಹಾಗೆ ಬೀಳುವ ಹೆಂಗಸಲ್ಲ ಮುತ್ಯಾಲಮ್ಮ. ಕೆರೆಯಂಗಳದಲ್ಲಿ ಸೊಪ್ಪು ಬೆಳೆಯುತ್ತಿದ್ದ ಮನೆಯಲ್ಲಿ ಹುಟ್ಟಿ, ಗವಿಪುರಕ್ಕೆ ಸೊಸೆಯಾಗಿ ಬಂದವರು. ವೇಣು ಇನ್ನೂ ಅಂಬೆಗಾಲಿಡುವಾಗ ಗಂಡ ಜ್ವರ ಬಂದು ತೀರಿಕೊಂಡರು. ತವರಿನವರು ಕರೆದುಕೊಂಡು ಹೋಗಲು ಬಂದು ನಿಂತಿದ್ದಾಗ, ಗಂಡನ ಅಣ್ಣ ಅಶ್ವತ್ಥಪ್ಪ ಮುತ್ಯಾಲಮ್ಮನ ತಂದೆಗೆ ಹೇಳಿದರು: “ನಿಮ್ಮ ಮಗಳು ಇಲ್ಲೇ ಇರ್ತಾಳೆ. ಮಾರ್ಕೆಟ್ಟಲ್ಲಿ ನನ್ ಜಾಗ ಐತಲ್ಲ, ಅದರಲ್ಲಿ ಅರ್ಧ ಅವಳದು.”

ಮರುದಿನವೇ ಅವರ ತರಕಾರಿ ರಾಶಿಯ ಪಕ್ಕದಲ್ಲಿ ಮುತ್ಯಾಲಮ್ಮನ ಗೋಣಿತಾಟು ಬಿತ್ತು. ಅದರ ಮೇಲೆ ಕೂತು ಕೊತ್ತಂಬರಿ, ಸಬ್ಬಸಿಗೆ, ದಂಟು ಮಾರಿಕೊಂಡೇ ಅವರು ಮಗನನ್ನು ಸಾಕಿದರು. ಬಾಯಿ ಜೋರು. ಜಾಗ ಖಾಲಿ ಮಾಡು ಎಂದು ಪೊಲೀಸಿನವನು ಲಾಠಿ ಕುಟ್ಟಿದರೆ, “ಮಂತ್ರಿ ಬಂದ್ರೂ ನಾನ್ ಏಳಾಕಿಲ್ಲ ಸ್ವಾಮಿ, ನಿಂತ್ಕೊಂಡ್ರೆ ನನ್ ಸೊಪ್ಪು ಬಾಡೋಗ್ತದೆ” ಎನ್ನುತ್ತಿದ್ದರು. ಆದರೆ ತಮ್ಮ ರಾಶಿಯನ್ನು ಆಳಿಗೆ ಒಪ್ಪಿಸಿ ಮಂಡಿಯಲ್ಲೇ ಓಡಾಡಿಕೊಂಡಿರುತ್ತಿದ್ದ ಭಾವ ಆ ದಾರಿಯಲ್ಲಿ ಹಾದರೆ ಸಾಕು, ಕೈಯಲ್ಲಿದ್ದ ಕಟ್ಟನ್ನು ಗಿರಾಕಿಯ ಮುಂದೆಯೇ ಬಿಟ್ಟು, ತಲೆಗೆ ಸೆರಗೆಳೆದುಕೊಂಡು ಎದ್ದು ನಿಲ್ಲುತ್ತಿದ್ದರು. ಭಾವನ ಎದುರು ಕೂರಬಾರದು, ನೇರವಾಗಿ ಮಾತಾಡಬಾರದು ಎಂಬುದು ಅವರ ಕಡೆಯ ಹಳೆಯ ಪದ್ಧತಿ. ಬೇರೆ ಸೊಸೆಯಂದಿರು ಅದನ್ನು ಯಾವತ್ತೋ ಬಿಟ್ಟಿದ್ದರು. ಮುತ್ಯಾಲಮ್ಮ ಬಿಡಲಿಲ್ಲ. ಆ ಅರ್ಧ ಜಾಗಕ್ಕೆ ಬಾಯಿಬಿಟ್ಟು ಒಂದು ಮಾತು ಹೇಳಲು ಅವರಿಗೆ ಆಗಿರಲಿಲ್ಲ. ಎದ್ದು ನಿಲ್ಲುವುದು ಮಾತ್ರ ಆಗುತ್ತಿತ್ತು.

ಎರಡನೆಯ ಸಲ ಬಿದ್ದ ಮೇಲೆ, ಮನೆಗೇ ಬಂದು ನೋಡಿಕೊಳ್ಳುವ ನರ್ಸ್ ತೇಜಶ್ರೀ ಮುತ್ಯಾಲಮ್ಮನನ್ನು ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಬಿ.ಪಿ. ನೋಡಿದಳು. ನಿಂತಾಗ ತುಂಬಾ ಇಳಿಯುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದಳು. ಅವರು ಒಂದು ಮಾತ್ರೆಯನ್ನು ಕಡಿಮೆ ಮಾಡಿದರು, ಆದರೆ ಹೃದಯದ ಮಾತ್ರೆ ನಿಲ್ಲಿಸುವ ಹಾಗಿರಲಿಲ್ಲ.

“ನೋಡಿ ಅಜ್ಜಿ, ನೀವು ದಬಕ್ಕಂತ ಎದ್ರೆ ರಕ್ತ ತಲೆಗೆ ಹೋಗೋಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತೆ. ಮೊದ್ಲು ಮಂಚದ ಅಂಚಿಗೆ ಕೂತ್ಕೊಳಿ. ಪಾದ ಮೇಲೆ ಕೆಳಗೆ ಆಡಿಸಿ. ಆಮೇಲೆ ಮಂಚ ಊರಿಕೊಂಡು ಎದ್ದು, ವಾಕರ್ ಹಿಡ್ಕೊಂಡು ನಿಲ್ಲಿ. ತಲೆ ತಿರುಗ್ತಿಲ್ಲ ಅಂತ ಗೊತ್ತಾದ್ಮೇಲೆ ಹೆಜ್ಜೆ ಇಡಿ.”

“ಸೊಪ್ಪಿನ ಕುಕ್ಕೆ ತಲೆ ಮೇಲೆ ಹೊತ್ಕೊಂಡು ಎದ್ದವಳಿಗೆ ಏಳೋದು ಹೇಳಿಕೊಡ್ತೀಯಾ ತಾಯಿ?” ಎಂದು ಮುತ್ಯಾಲಮ್ಮ ನಕ್ಕರು. ನಕ್ಕರೂ ಹೇಳಿದ್ದನ್ನು ಮಾಡಿದರು. ಬೆಳಿಗ್ಗೆ ಏಳುವಾಗ, ಬಚ್ಚಲಿಗೆ ಹೋಗುವಾಗ, ಊಟಕ್ಕೆ ಬರುವಾಗ ಪಾದ ಆಡಿಸಿ, ನಿಂತು, ಆಮೇಲೆ ನಡೆದರು. ಶಶಿರೇಖಾ ಸ್ವಲ್ಪ ಉಸಿರು ಬಿಟ್ಟಳು.

ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ಕಾಫಿಗೆ ಹಾಲು ಇಟ್ಟಿದ್ದಳು. ಗವಿ ಗಂಗಾಧರೇಶ್ವರನಿಗೆ ಕೈಮುಗಿದು, ದಾರಿಯಲ್ಲಿ ತಮ್ಮನ ಮನೆಗೆ ಬಂದುಹೋಗುವುದು ಅಶ್ವತ್ಥಪ್ಪನವರ ದಿನದ ರೂಢಿ. ಎಂಬತ್ತು ದಾಟಿದ್ದರೂ ತಪ್ಪಿಸಿದವರಲ್ಲ. ಗೇಟಿನ ಸದ್ದಾಯಿತು, ಚಪ್ಪಲಿ ಬಿಡುವ ಸದ್ದಾಯಿತು, ಒಂದು ಕೆಮ್ಮು. ಶಶಿರೇಖಾ ಸುಮ್ಮನೆ ತಿರುಗಿ ನೋಡಿದಳು. ಮಂಚದ ಮೇಲೆ ಒರಗಿದ್ದ ಅತ್ತೆ ತಲೆಗೆ ಸೆರಗೆಳೆದುಕೊಂಡು ಒಂದೇ ಏಟಿಗೆ ಎದ್ದು ನಿಂತರು. ಪಾದ ಆಡಿಸಲಿಲ್ಲ, ವಾಕರ್ ಮುಟ್ಟಲಿಲ್ಲ. ನಿಂತವರು ಗಾಳಿಗೆ ಸಿಕ್ಕ ಬಳ್ಳಿಯ ಹಾಗೆ ಒಂದು ಕಡೆಗೆ ವಾಲತೊಡಗಿದರು.

ಶಶಿರೇಖಾ ಓಡಿ ಬಂದು ತಬ್ಬಿ ಹಿಡಿದಳು. ಅತ್ತೆಯ ಭಾರವೆಲ್ಲ ಅವಳ ಎದೆಯ ಮೇಲೆ ಬಂತು. ಒಳಗೆ ಬಂದ ಅಶ್ವತ್ಥಪ್ಪ ಎಂದಿನಂತೆ ತಮ್ಮನ ಹೆಂಡತಿಯ ಕಡೆ ನೋಡದೆ, ಎದುರು ಗೋಡೆಯ ಕ್ಯಾಲೆಂಡರಿನ ಕಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತು ಕೇಳಿದರು: “ನಿಮ್ಮತ್ತೆ ಹೆಂಗವಳಮ್ಮ?”

“ಚೆನ್ನಾಗಿದಾರೆ ಮಾವ” ಎಂದಳು ಶಶಿರೇಖಾ.

ಎರಡನೆಯ ಸಲ ಬಿದ್ದದ್ದು ಕೂಡ ಇದೇ ಹೊತ್ತಿನಲ್ಲಿ ಎಂಬುದು ಆಗ ಅವಳಿಗೆ ಹೊಳೆಯಿತು. ಅವಳು ಇಷ್ಟು ದಿನ ನೆಲವನ್ನು ಮಾತ್ರ ನೋಡುತ್ತಿದ್ದಳು.

ಅಶ್ವತ್ಥಪ್ಪ ಹೋದ ಮೇಲೆ ಅತ್ತೆಯನ್ನು ಬೇಡಿಕೊಂಡಳು. “ಅತ್ತೆ, ದಮ್ಮಯ್ಯ, ಅವರು ಬಂದಾಗ ಕೂತೇ ಇರಿ. ಅವರೇನು ಅಂದ್ಕೊಳ್ಳಲ್ಲ.”

“ಸುಮ್ಕಿರೆ. ಕಾಲು ಮುರಿದ್ರೆ ಮರ್ಯಾದೆನೂ ಮುರ್ಕೊಬೇಕಾ?”

ವೇಣುವಿಗೆ ಹೇಳಿದರೆ ಅವನು ತಲೆ ಕೆರೆದುಕೊಂಡ. “ದೊಡ್ಡಪ್ಪಂಗೆ ಏನಂತ ಹೇಳ್ಲಿ? ನೀವು ಬಂದ್ರೆ ಅಮ್ಮ ಬೀಳ್ತಾಳೆ ಅಂತಾನಾ? ಆಮೇಲೆ ಅವರು ಈ ಕಡೆ ತಲೇನೂ ಹಾಕಲ್ಲ. ಅಮ್ಮ ಅದಕ್ಕೇ ಕೊರಗಿ ಹೋಗ್ತಾಳೆ.”

ಬರುವುದು ಮೊದಲೇ ಗೊತ್ತಾದರೆ ಅಮ್ಮ ನಿಧಾನವಾಗಿ ಏಳಬಹುದು ಎಂದು ಕೊನೆಗೆ ಅವನೇ ಒಂದು ಉಪಾಯ ಮಾಡಿದ. ಶಶಿರೇಖಾ ಕಾಫಿ ಬಿಸಿಯಾಗಿ ಇಟ್ಟಿರುತ್ತಾಳೆ, ದೇವಸ್ಥಾನ ಬಿಡುವಾಗ ಒಂದು ಫೋನ್ ಮಾಡಿ ಎಂದು ದೊಡ್ಡಪ್ಪನಿಗೆ ಹೇಳಿದ. ಅದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು. ಫೋನ್ ಬಂದ ಕೂಡಲೇ ಮುತ್ಯಾಲಮ್ಮ ಎದ್ದು, ಗೋಡೆ ಹಿಡಿದು ಕಾಯುತ್ತಾ ನಿಂತರು. ಅಶ್ವತ್ಥಪ್ಪ ದಾರಿಯಲ್ಲಿ ಯಾರ ಜೊತೆಗೋ ಮಾತಿಗೆ ನಿಂತಿದ್ದರು. ಅತ್ತೆಯ ಮೇಲ್ದುಟಿಯಲ್ಲಿ ಬೆವರು ಕಾಣುತ್ತಿತ್ತು.

“ಇನ್ನೂ ಬಂದಿಲ್ಲ ಅತ್ತೆ, ಕೂತ್ಕೊಳಿ.”

“ಕೂತ್ಕೊಂಡ್ರೆ ಮತ್ತೆ ಏಳ್ಬೇಕಲ್ಲ. ಅದಕ್ಕೇ ನಿಂತಿದೀನಿ. ನಿಮ್ ನರ್ಸಮ್ಮಂಗೆ ಹೇಳು, ನಾನು ದಬಕ್ಕಂತ ಎದ್ದಿಲ್ಲ ಅಂತ.”

ಬೇರೆ ಮನೆಯಲ್ಲಿ ತಡವಾಗಿ, ತೇಜಶ್ರೀ ಒಂದು ದಿನ ಬೆಳಿಗ್ಗೆಯ ಬದಲು ಸಂಜೆ ಬಂದಳು. ಮುತ್ಯಾಲಮ್ಮನನ್ನು ಮಂಚದ ಮೇಲೆ ಮಲಗಿಸಿ, ಕಾಲು ಎತ್ತಿಸಿ ವ್ಯಾಯಾಮ ಮಾಡಿಸಿ, ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದಳು. ಶಶಿರೇಖಾ ಅವಳಿಗೆ ಟವಲ್ ಕೊಡಲು ಹೋಗಿದ್ದಳು. ಅವತ್ತು ಅಶ್ವತ್ಥಪ್ಪ ಫೋನ್ ಮಾಡುವುದನ್ನು ಮರೆತಿದ್ದರು. ಕೆಮ್ಮು ಕೇಳಿಸಿದಾಗ ಅವರು ಆಗಲೇ ನಡುಮನೆಯೊಳಗಿದ್ದರು.

ವಾಕರ್ ನೆಲಕ್ಕೆ ಬಿದ್ದ ಸದ್ದಿಗೆ ಇಬ್ಬರೂ ಓಡಿ ಬಂದರು. ಮುತ್ಯಾಲಮ್ಮ ಕಣ್ಣು ಮುಚ್ಚಿಕೊಂಡು ತೂಗುತ್ತಿದ್ದರು. ಅಶ್ವತ್ಥಪ್ಪ ಕೈಗೆಟಕುವಷ್ಟು ಹತ್ತಿರದಲ್ಲಿದ್ದರು. ಈ ಸಲ ನೋಡುತ್ತಲೂ ಇದ್ದರು. ಅವರ ಬಲಗೈ ಮುಂದಕ್ಕೆ ಬಂದು, ಅರ್ಧದಲ್ಲೇ ನಿಂತಿತ್ತು.

“ಹಿಡ್ಕೊಳಿ ತಾತ! ಹಿಡ್ಕೊಳಿ!” ಎಂದು ತೇಜಶ್ರೀ ಕೂಗಿದಳು. ಆ ಕೈ ಮುಂದಕ್ಕೆ ಹೋಗಲಿಲ್ಲ. ತೇಜಶ್ರೀಯೇ ಹಾರಿ ಬಂದು ಮುತ್ಯಾಲಮ್ಮನ ಸೊಂಟ ಬಳಸಿ ಮಂಚಕ್ಕೆ ಕೂರಿಸಿದಳು.

ಶಶಿರೇಖಾಳಿಂದ ಮೊದಲೇ ಎಲ್ಲ ಕೇಳಿ ತಿಳಿದಿದ್ದ ಅವಳು ಆ ಗಾಬರಿಯಲ್ಲಿ ಯಾರ ಮುಖವನ್ನೂ ನೋಡದೆ ಹೇಳಿಬಿಟ್ಟಳು: “ನಿಮಗೋಸ್ಕರಾನೇ ತಾತ, ಅಜ್ಜಿ ಹಿಂಗೆ ಏಳೋದು. ಇನ್ನೊಂದ್ಸಲ ಬಿದ್ರೆ ಆಪರೇಷನ್ನೂ ಮಾಡಕ್ಕಾಗಲ್ಲ.”

ಅಶ್ವತ್ಥಪ್ಪ ಕಾಫಿ ಕುಡಿಯದೆ ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಇನ್ನು ಭಯವಿಲ್ಲ ಎಂದುಕೊಳ್ಳಲು ಶಶಿರೇಖಾಳಿಗೆ ಆಗಲಿಲ್ಲ. ಸಂಜೆಯಾದರೆ ಮುತ್ಯಾಲಮ್ಮ ಯಾರಿಗೂ ಹೇಳದೆ ಎದ್ದು, ಗೋಡೆ ಸವರಿಕೊಂಡು ಕಿಟಕಿಯ ತನಕ ಹೋಗಿ ಬೀದಿ ನೋಡುತ್ತಿದ್ದರು. ಮತ್ತೆ ಮಂಚಕ್ಕೆ ಬಂದು, ಮತ್ತೆ ಏಳುತ್ತಿದ್ದರು. ಮೊದಲಾದರೆ ಅಪಾಯದ ಹೊತ್ತು ಇಂಥದ್ದು ಎಂದು ಗೊತ್ತಿತ್ತು. ಈಗ ಇಡೀ ಸಂಜೆಯೇ ಅಪಾಯದ್ದಾಗಿತ್ತು. ಒಲೆಯ ಮುಂದೆ ನಿಂತರೂ ಶಶಿರೇಖಾಳ ಕಿವಿ ನಡುಮನೆಯಲ್ಲೇ ಇರುತ್ತಿತ್ತು.

“ಅವರಿಗೆ ಮೈಗೆ ಹುಷಾರಿಲ್ವೇನೋ. ಹೋಗಿ ನೋಡ್ಕೊಂಡು ಬಾರೆ” ಎಂದರು ಅತ್ತೆ.

ಆವತ್ತು ವೇಣು ಬೇಗ ಬಂದಿದ್ದ. ಅವನನ್ನು ಮಂಚದ ಪಕ್ಕ ಕೂರಿಸಿ ಶಶಿರೇಖಾ ಎರಡು ಬೀದಿ ಆಚೆಯಿದ್ದ ಅಶ್ವತ್ಥಪ್ಪನವರ ಮನೆಗೆ ಹೋದಳು. ಅವರು ಜಗಲಿಯ ಮೇಲೆ ಒಬ್ಬರೇ ಕೂತಿದ್ದರು.

“ನಿಮ್ಮತ್ತೆ ಬಿದ್ಲಾ?” ಎಂದೇ ಕೇಳಿದರು ಮೊದಲು.

“ಇಲ್ಲ ಮಾವ. ನೀವ್ ಬರ್ಲಿಲ್ಲ ಅಂತ ಒಬ್ಬರೇ ಎದ್ದೆದ್ದು ಓಡಾಡ್ತಿದಾರೆ.”

ಅವರು ತಮ್ಮ ಬಲಗೈಯನ್ನು ನೋಡಿಕೊಂಡು ಹೇಳಿದರು: “ನನ್ ಕೈ ಮುಂದಕ್ಕೆ ಹೋಗ್ಲಿಲ್ಲ ಕಣಮ್ಮ. ಆ ಹುಡುಗಿ ಅರಚ್ಕೊಂಡ್ರೂ ಹೋಗ್ಲಿಲ್ಲ. ಮುಟ್ಟಿ ಅಭ್ಯಾಸ ಇಲ್ಲ ನೋಡು. ಅವಳು ಬಿದ್ದಿದ್ರೆ ನಾನು ನೋಡ್ತಾ ನಿಂತಿರ್ತಿದ್ದೆ. ಇನ್ಯಾವ ಮುಖ ಇಟ್ಕೊಂಡು ಬರ್ಲಿ?”

ಶಶಿರೇಖಾ ಜಗಲಿಯ ಹತ್ತಿರಕ್ಕೆ ಬಂದಳು. ಆಮೇಲೆ ಹೇಳಿದಳು: “ಹಿಡಿಯೋಕೆ ನಾನಿದೀನಿ ಮಾವ. ನೀವು ಹಿಡೀಬೇಡಿ. ಆದ್ರೆ ಗೋಡೆ ಕಡೆ ತಿರುಗ್ಬೇಡಿ, ಅವರನ್ನ ನೋಡಿ. ಅವರು ನೆಟ್ಟಗೆ ನಿಲ್ಲೋವರೆಗೂ ಬಾಗಿಲಲ್ಲೇ ಇರಿ. ನಾನು ಹೇಳಿದ್ರೆ ಅವರು ಕೇಳಲ್ಲ.”

“ನಾನು ಅವಳ ಹತ್ರ ಒಂದಿನಾನೂ ಮಾತಾಡಿಲ್ವಲ್ಲಮ್ಮ.”

“ಗೊತ್ತು ಮಾವ.”

ಮರುದಿನ ಸಂಜೆ ಗೇಟಿನ ಸದ್ದಾಯಿತು. ಶಶಿರೇಖಾ ಮೊದಲೇ ಮಂಚದ ಪಕ್ಕದಲ್ಲಿ ನಿಂತು, ಅತ್ತೆಯ ಸೊಂಟಕ್ಕೆ ತೇಜಶ್ರೀ ಕಟ್ಟಿಕೊಟ್ಟಿದ್ದ ಅಗಲದ ಬೆಲ್ಟನ್ನು ಹಿಡಿದುಕೊಂಡಿದ್ದಳು. ಅತ್ತೆಯ ಮೈ ಬಿಗಿಯಾದದ್ದು ಅವಳ ಬೆರಳಿಗೆ ತಿಳಿಯಿತು. ಸೆರಗು ತಲೆಯ ಮೇಲೆ ಬಂತು.

“ಮುತ್ಯಾಲಮ್ಮ,” ಎಂದರು ಅಶ್ವತ್ಥಪ್ಪ ಹೊಸಿಲಿನ ಆಚೆಯಿಂದ. ದನಿ ಒಡೆದಿತ್ತು. “ನಿಧಾನವಾಗಿ.”

ಮುತ್ಯಾಲಮ್ಮ ಅರ್ಧ ಎದ್ದವರು ಹಾಗೆಯೇ ಕೂತುಬಿಟ್ಟರು. ಅವರ ಮುಖ ಕೆಂಪಗಾಗಿತ್ತು. ಕೋಪವೋ, ನಾಚಿಕೆಯೋ ಶಶಿರೇಖಾಳಿಗೆ ತಿಳಿಯಲಿಲ್ಲ. ನೇರವಾಗಿ ಮಾತಾಡಿ ಪದ್ಧತಿ ಮೀರಿದ್ದಕ್ಕೆ ಇನ್ನು ಏನಾಗುವುದೋ ಎಂದು ಅವಳು ಬೆಲ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ಅಲ್ಲೇ ಇರೋಕೆ ಹೇಳೆ,” ಎಂದರು ಮುತ್ಯಾಲಮ್ಮ ಸೊಸೆಗೆ. “ಕಾಲು ಆಡಿಸ್ಕೊಂಡು ಏಳ್ತೀನಿ. ನಾನು ಎದ್ದ ಮೇಲೇ ಒಳಗೆ ಬರ್ಲಿ.”

ಹೇಳುವ ಅಗತ್ಯವಿರಲಿಲ್ಲ. ಅಶ್ವತ್ಥಪ್ಪ ಕೇಳಿಸಿಕೊಂಡು ನಿಂತಿದ್ದರು. ಮುತ್ಯಾಲಮ್ಮ ಪಾದವನ್ನು ಮೇಲೆ ಕೆಳಗೆ ಆಡಿಸಿದರು. ಮಂಚ ಊರಿದರು. ಎದ್ದರು. ವಾಕರ್ ಹಿಡಿದು ಕಣ್ಣು ಮುಚ್ಚಿದರು. ಬೆಲ್ಟು ಎಳೆಯಲಿಲ್ಲ, ಮೈ ವಾಲಲಿಲ್ಲ. ಕಣ್ಣು ತೆರೆದಾಗ ಮುತ್ಯಾಲಮ್ಮ, ಮದುವೆಯಾಗಿ ಬಂದ ಮೇಲೆ ಪ್ರಾಯಶಃ ಮೊದಲ ಸಲ, ಭಾವನ ಕಡೆ ನೆಟ್ಟಗೆ ನೋಡಿದರು.

ಅಶ್ವತ್ಥಪ್ಪ ಒಳಗೆ ಬರಲು ಕಾಲೆತ್ತಿದರು. ಅಷ್ಟು ಹೊತ್ತು ನಿಂತಿದ್ದ ಮುದಿ ಮೊಣಕಾಲು ಅದುರಿ, ಪಾದ ಹೊಸಿಲಿಗೆ ತಾಗಿ ವಾಪಸ್ಸು ಹೋಯಿತು. ಶಶಿರೇಖಾಳ ಎರಡೂ ಕೈ ಅತ್ತೆಯ ಬೆಲ್ಟಿನ ಮೇಲಿದ್ದವು. ಬಿಡುವ ಹಾಗಿರಲಿಲ್ಲ.

“ಬಾಗಿಲು ಹಿಡ್ಕೊಂಡು ಬನ್ನಿ ಭಾವ,” ಎಂದರು ಮುತ್ಯಾಲಮ್ಮ.