ಪೆಟ್ರೋಲ್ ಎಂಜಿನ್ನಿನ ದೋಣಿ

"ಪೆಟ್ರೋಲೋ, ಡೀಸೆಲ್ಲೋ, ಅದನ್ನ ಮೊದ್ಲ ಹೇಳ್ರಿ" ಎಂದರು ಕುರುಗೋಡಿನಿಂದ ಬಂದಿದ್ದ ರೈತರೊಬ್ಬರು. ಸಿರುಗುಪ್ಪದ ಹೊಳೆದಂಡೆಯಲ್ಲಿ ಕಟ್ಟಿದ್ದ ನಮ್ಮ ದೋಣಿಯ ಕಡೆ ಅವರು ಕಣ್ಣೂ ಹಾಯಿಸಿರಲಿಲ್ಲ.

ಕೊಳ್ಳಲು ಬಂದವರೆಲ್ಲ ಕೇಳಿದ್ದು ಇದನ್ನೇ. ಅದು ಎಪ್ಪತ್ತರ ದಶಕ. ಹೊಲಕ್ಕೆ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಡೀಸೆಲ್ ಎಂಜಿನ್ ಆದರೆ ಬಿಚ್ಚಿಕೊಂಡು ಹೋಗಿ ಪಂಪಿಗೆ ಕೂಡಿಸಬಹುದು, ದೋಣಿ ಬೇಕಾದರೆ ದಂಡೆಯಲ್ಲೇ ಕೊಳೆಯಲಿ. ನಮ್ಮದು ಪೆಟ್ರೋಲಿನದು. ಸಂಜೆ ನಾವಿಬ್ಬರೂ ಹೊಳೆಯಲ್ಲಿ ಸುತ್ತಾಡಲೆಂದು ನನ್ನ ಯಜಮಾನರು ತಂದದ್ದು. ಎಂಜಿನ್ನಿನ ಹಗ್ಗ ಜಗ್ಗಲು ಭುಜ ಒಲ್ಲೆನ್ನತೊಡಗಿದ ಮೇಲೆ ಮಾರಲು ಹೊರಟಿದ್ದರು.

ಆದರೂ ಆ ರೈತರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದರು. ಇಳಿದ ರೈತರು ಒದ್ದೆ ಧೋತ್ರ ಹಿಂಡುತ್ತಾ, "ಚಲೋ ಓಡ್ತೈತ್ರಿ. ಆದ್ರ ನನಗ ನೀರಾಗ ಓಡೋದು ಬ್ಯಾಡ, ನೀರು ಎತ್ತೋದು ಬೇಕು" ಎಂದು ಬಸ್ ಹಿಡಿಯಲು ನಡೆದರು.

ನನಗೆ ಸಾಕಾಗಿ ಹೋಗಿತ್ತು. ಪ್ರತಿ ಸಲ ಚಹಾ ಮಾಡುವುದು, ಪ್ರತಿ ಸಲ ಇದೇ ಮಾತು. "ಆವಾಗ್ಲೇ ಡೀಸೆಲ್ದು ತಂದಿದ್ರ ಇಷ್ಟೊತ್ತಿಗೆ ಮಾರಿ ಹೋಗ್ತಿತ್ತಲ್ರೀ" ಎಂದು ರೇಗಿದೆ. ಯಜಮಾನರು ಭುಜ ನೀವಿಕೊಳ್ಳುತ್ತಾ ಹೇಳಿದರು: "ಡೀಸೆಲ್ ಬಡಕೊಳ್ಳೋ ಸದ್ದಿನಾಗ ನೀ ಮಾತಾಡಿದ್ದು ಕೇಳ್ತಿರ್ಲಿಲ್ಲ."

ದೋಣಿ ಕೊನೆಗೆ ಪಕ್ಕದ ಮನೆಯ ಎಮ್ಮೆಗಳಿಗೆ ನೀರಿನ ಬಾನಿಯಾಯಿತು. ಯಜಮಾನರು ಹೋಗಿ ಬಹಳ ವರ್ಷವಾಯಿತು. ಇಂದಿಗೂ ಎಲ್ಲಾದರೂ ಡೀಸೆಲ್ ಪಂಪು ಬಡಿದುಕೊಳ್ಳುವುದು ಕೇಳಿದರೆ, ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ.